ಹೊರಗಿನ ಆಟಗಾರ ಅಂದರೆ ಯಾರು?

ಐರ್ಲೆಂಡಿನ ಕ್ರಿಕೆಟ್ ಪ್ರಿಯರ ಮುಂದೆ ಬೆಂಗಳೂರು ಎಂದರೆ ಸಾಕು, ಅವರ ಬಾಯಲ್ಲಿ ಬರುವುದು 2011ರ ಮಾರ್ಚ್ 2. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂದು ವಿಶ್ವಕಪ್ಪಿನ ಲೀಗ್ ಪಂದ್ಯ, ಎದುರಿಗೆ ಇಂಗ್ಲೆಂಡ್. ಮೂರು ದಿನ ಮುಂಚೆ ಇದೇ ಮೈದಾನದಲ್ಲಿ ಭಾರತ, ಇಂಗ್ಲೆಂಡ್ ಎರಡೂ 338 ರನ್ ಹೊಡೆದು ಪಂದ್ಯ ಟೈ ಆಗಿತ್ತು. ಎಲ್ಲರೂ ಇನ್ನೂ ಅದೇ ಗುಂಗಿನಲ್ಲಿದ್ದರು. ಐರ್ಲೆಂಡ್ ಪಂದ್ಯವನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಇಂಗ್ಲೆಂಡ್ ಮೊದಲು ಆಡಿ 8 ವಿಕೆಟ್‌ಗೆ 327 ಪೇರಿಸಿತು: ಟ್ರಾಟ್ 92, ಬೆಲ್ 81, ಪೀಟರ್ಸನ್ 59. ಐರ್ಲೆಂಡಿನ ನಾಯಕ ಪೋರ್ಟರ್‌ಫೀಲ್ಡ್ ಮೊದಲ ಎಸೆತಕ್ಕೇ ಔಟ್. 25ನೇ ಓವರಿನಲ್ಲಿ ಸ್ಕೋರು 5 ವಿಕೆಟ್‌ಗೆ 111. ಆ ಹೊತ್ತಿಗೆ ಟೀವಿ ಆರಿಸಿ ಮಲಗಿ, ಬೆಳಗ್ಗೆ ಪೇಪರ್ ನೋಡಿ ಹಣೆ ಚಚ್ಚಿಕೊಂಡವರು ನಮ್ಮ ಕಡೆಯೂ ಇದ್ದಾರೆ.

ಕ್ರೀಸಿನಲ್ಲಿ ಇದ್ದದ್ದು ಕೆವಿನ್ ಓ'ಬ್ರಿಯನ್. ಕ್ಯಾನ್ಸರ್ ನಿಧಿಗೆಂದು ತಲೆಗೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ದಪ್ಪ ಮೈಯ ಹುಡುಗ. ಅವನ ಆಟವನ್ನು ಆಮೇಲೆ ಎಷ್ಟೋ ಜನ 'ಬೀಸಿದ, ಬಿತ್ತು' ಎಂದು ಬರೆದರು. ನಾನು ಒಪ್ಪುವುದಿಲ್ಲ. ಮುಂಗಾಲನ್ನು ಲೆಗ್ ಕಡೆಗೆ ಸ್ವಲ್ಪವೇ ಸರಿಸಿ ಬ್ಯಾಟಿಗೆ ದಾರಿ ಮಾಡಿಕೊಡುವುದು, ತಲೆ ಅಲುಗಾಡದೆ ಚೆಂಡಿನ ಮೇಲೆಯೇ ನಿಲ್ಲುವುದು, ಸ್ಪಿನ್ನಿಗೆ ಮಿಡ್‌ವಿಕೆಟ್, ವೇಗಕ್ಕೆ ನೇರ: ಆಯ್ಕೆ ಮಾಡಿಯೇ ಹೊಡೆದ. ಅಂದು ಮೂರು ವಿಕೆಟ್ ಕಿತ್ತು ಐರ್ಲೆಂಡನ್ನು ಕಟ್ಟಿಹಾಕಿದ್ದವನು ಸ್ವಾನ್, ಅವನನ್ನೂ ಬಿಡಲಿಲ್ಲ. 50 ಎಸೆತಕ್ಕೆ ನೂರು. ಅಲ್ಲಿಯವರೆಗೆ ವಿಶ್ವಕಪ್ಪಿನ ಅತಿ ವೇಗದ ಶತಕ ಹೇಡನ್‌ನದು, 66 ಎಸೆತ. ಓ'ಬ್ರಿಯನ್ 63 ಎಸೆತಕ್ಕೆ 113 ಹೊಡೆದು ರನೌಟ್ ಆಗುವ ಹೊತ್ತಿಗೆ ಕೆಲಸ ಬಹುಪಾಲು ಮುಗಿದಿತ್ತು. ಆರನೇ ವಿಕೆಟ್ಟಿಗೆ 162 ರನ್ನಿನ ಜೊತೆಯಾಟದಲ್ಲಿ 47 ಹೊಡೆದ ಅಲೆಕ್ಸ್ ಕ್ಯೂಸಾಕ್‌ನ ಹೆಸರು ಯಾರೂ ಎತ್ತುವುದಿಲ್ಲ. ಆಚೆ ತುದಿಯಲ್ಲಿ ಗಾಬರಿಯಾಗದೆ ನಿಲ್ಲುವವನು ಇಲ್ಲದಿದ್ದರೆ ಈಚೆ ತುದಿಯಲ್ಲಿ ಸಿಡಿಯುವುದು ಹೇಗೆ? ಕೊನೆಯ ಓವರಿನ ಮೊದಲ ಎಸೆತವನ್ನು ಜಾನ್ ಮೂನಿ ಬೌಂಡರಿಗೆ ಅಟ್ಟಿದ. ಮೂರು ವಿಕೆಟ್ ಗೆಲುವು. ವಿಶ್ವಕಪ್ಪಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ.

ಇಂಗ್ಲೆಂಡಿನವರಿಗೆ ಅದೊಂದು ಕೆಟ್ಟ ದಿನ, ಅಷ್ಟೆ. ಅವರ ಹಗೆ ಏನಿದ್ದರೂ ಆಸ್ಟ್ರೇಲಿಯಾ ಜೊತೆ, ಆ್ಯಷಸ್‌ಗೆ. ಐರ್ಲೆಂಡನ್ನು ಅವರು ಎದುರಾಳಿ ಎಂದು ಪೂರ್ತಿ ಒಪ್ಪಿಕೊಂಡೇ ಇಲ್ಲ. ಐರಿಷ್ ಅಭಿಮಾನಿಗೆ ಹೆಚ್ಚು ಉರಿಯುವುದು ಇಲ್ಲೇ. ನಮ್ಮ ವಿಜಯನಗರ ಜಿಲ್ಲೆಯಲ್ಲೂ ಹಾಗೆಯೇ ತಾನೆ? ಕೊಟ್ಟೂರು ಮೊನ್ನೆ ಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನ ಒಂದು ಊರು, ಈಗ ಸ್ವಂತ ತಾಲ್ಲೂಕು. ಕೊಟ್ಟೂರಿನ ಹುಡುಗರಿಗೆ ಕೂಡ್ಲಿಗಿಯನ್ನು ಸೋಲಿಸಿದ ದಿನ ಹಬ್ಬ. ಕೂಡ್ಲಿಗಿಯವರನ್ನು ಕೇಳಿ ನೋಡಿ: 'ಅದೊಂದು ಮ್ಯಾಚ್ ಸೋತ್ವಿ, ಏನೀಗ?'

ಐರ್ಲೆಂಡಿನ ಕಥೆಗೆ ಇನ್ನೊಂದು ಸಿಕ್ಕು ಇದೆ. ಅಲ್ಲಿ ಬ್ಯಾಟು ಹಿಡಿದವನು ಮನೆಯವರಿಗೂ ಜವಾಬು ಹೇಳಬೇಕಿತ್ತು. 19ನೇ ಶತಮಾನದಲ್ಲಿ ಕಿಲ್ಕೆನಿ, ಟಿಪ್ಪರರಿ ಸೀಮೆಯ ಹಳ್ಳಿಗಳಲ್ಲಿ ಕ್ರಿಕೆಟ್ ಜೋರಾಗಿಯೇ ನಡೆಯುತ್ತಿತ್ತು. ಸ್ವರಾಜ್ಯ ಕೇಳಿದ ದೊಡ್ಡ ನಾಯಕ ಪಾರ್ನೆಲ್ ತಾನೇ ಒಂದು ತಂಡದ ಕಪ್ತಾನ. 1884ರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತು; ನಾಡಿನ ಆಟಗಳನ್ನು ಉಳಿಸುವುದು ಅದರ ಹಟ. ಮುಂದೆ ಅದು ಕ್ರಿಕೆಟ್, ರಗ್ಬಿ, ಫುಟ್‌ಬಾಲ್ ಎಲ್ಲವನ್ನೂ ಪರದೇಶಿ ಆಟವೆಂದು ಕರೆದು, ಅವನ್ನು ಆಡಿದ, ಕೊನೆಗೆ ನೋಡಲು ಹೋದ ಸದಸ್ಯರನ್ನೂ ಹೊರಗಿಟ್ಟಿತು. ಆ ನಿಷೇಧ ತೆಗೆದದ್ದು 1971ರಲ್ಲಿ. ಸಂಸ್ಥೆ ಕಟ್ಟಿದ ಮೈಕೆಲ್ ಕ್ಯೂಸಾಕ್ ಅದನ್ನು ಕಟ್ಟುವ ಕೆಲವೇ ವರ್ಷ ಮೊದಲು ಕ್ರಿಕೆಟ್ಟನ್ನು ಹೊಗಳಿದ್ದವನು ಎಂಬುದು ಬೇರೆ ಮಾತು. ಬೆಂಗಳೂರಿನಲ್ಲಿ ಇಂಗ್ಲೆಂಡನ್ನು ಮಣಿಸಲು ಓ'ಬ್ರಿಯನ್‌ಗೆ ಹೆಗಲು ಕೊಟ್ಟವನ ಮನೆತನದ ಹೆಸರೂ ಕ್ಯೂಸಾಕ್. ಅವನು ಹುಟ್ಟಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ!

ಇನ್ನು ದೇಶದ ಗಡಿ. ಐರ್ಲೆಂಡ್ ದ್ವೀಪದ ಉತ್ತರ ಭಾಗ ಇವತ್ತಿಗೂ ಬ್ರಿಟನ್ನಿನದು. ಆದರೆ ಕ್ರಿಕೆಟ್ ತಂಡ ಇಡೀ ದ್ವೀಪಕ್ಕೆ ಒಂದೇ. ಬೆಲ್‌ಫಾಸ್ಟಿನ ಪಾಲ್ ಸ್ಟರ್ಲಿಂಗ್, ಡಬ್ಲಿನ್ನಿನ ಓ'ಬ್ರಿಯನ್ ಒಂದೇ ಅಂಗಿ ತೊಟ್ಟು ಆಡಿದರು. ರಾಜಕೀಯ ಹಾಕಿದ ಗೆರೆಯನ್ನು ಆಟದ ಮಂಡಳಿ ಒಪ್ಪಲೇ ಇಲ್ಲ. ನನಗೆ ಈ ತಂಡದ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ತಿಳಿದ ಮೇಲೆ.

ಆದರೆ ಒಳ್ಳೆಯ ಆಟಗಾರ ಬೆಳೆದರೆ ಇಂಗ್ಲೆಂಡ್ ಕರೆಯುತ್ತಿತ್ತು. ಅಲ್ಲಿ ಕೌಂಟಿ ಇದೆ, ದುಡ್ಡಿದೆ, ಟೆಸ್ಟ್ ಇದೆ. ಐರ್ಲೆಂಡಿಗೆ ಟೆಸ್ಟ್ ಮಾನ್ಯತೆ ಬಂದದ್ದು 2017ರಲ್ಲಿ. 2007ರ ವಿಶ್ವಕಪ್ಪಿನಲ್ಲಿ ಗಯಾನಾದ ಪಂದ್ಯ ನೋಡಿ. ಇಂಗ್ಲೆಂಡಿಗೆ ಇನಿಂಗ್ಸ್ ಆರಂಭಿಸಿದವನು ಡಬ್ಲಿನ್ನಿನ ಎಡ್ ಜಾಯ್ಸ್. ಅವನನ್ನು 1 ರನ್ನಿಗೆ ಬೌಲ್ಡ್ ಮಾಡಿದವನು ಐರ್ಲೆಂಡಿನ ಬಾಯ್ಡ್ ರ್‍ಯಾಂಕಿನ್. ಫೀಲ್ಡಿನಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಡಬ್ಲಿನ್ನಿನ ಇಯಾನ್ ಮಾರ್ಗನ್ ಒಬ್ಬ. ನಾಲ್ಕೇ ವರ್ಷದಲ್ಲಿ ಎಲ್ಲ ಅದಲುಬದಲು. ಬೆಂಗಳೂರಿನ ಆ ರಾತ್ರಿ ಜಾಯ್ಸ್ ಐರ್ಲೆಂಡಿನ ಪರ 32 ಹೊಡೆದ. ಮಾರ್ಗನ್ ಆಗಲೇ ಇಂಗ್ಲೆಂಡಿನ ಆಟಗಾರ, ಬೆರಳಿನ ಗಾಯದಿಂದ ಆ ಪಂದ್ಯಕ್ಕೆ ಇರಲಿಲ್ಲ. ಮುಂದೆ ರ್‍ಯಾಂಕಿನ್ ಕೂಡ ಇಂಗ್ಲೆಂಡಿಗೆ ಹೋಗಿ ಒಂದು ಟೆಸ್ಟ್ ಆಡಿ ಮನೆಗೆ ಮರಳಿದ.

2019ರ ಜುಲೈ ತಿಂಗಳಿಗಂತೂ ಯಾವ ಕಥೆಗಾರನೂ ಸರಿಗಟ್ಟಲಾರ. 14ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿಗೆ ಮೊದಲ ಏಕದಿನ ವಿಶ್ವಕಪ್ ಎತ್ತಿಕೊಟ್ಟ ನಾಯಕ ಡಬ್ಲಿನ್ನಿನ ಮಾರ್ಗನ್. ಹತ್ತು ದಿನ ಕಳೆದು ಅದೇ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಊಟಕ್ಕೆ ಮುಂಚೆಯೇ 85ಕ್ಕೆ ಮಡಚಿದವನು ಐರ್ಲೆಂಡಿನ ಟಿಮ್ ಮರ್ಟಾ, 13 ರನ್ನಿಗೆ 5 ವಿಕೆಟ್. ಅವನು ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ, ಕೌಂಟಿ ಆಡಿದ್ದು ಅದೇ ಲಾರ್ಡ್ಸ್ ಮೈದಾನದಲ್ಲಿ. ಆ ಟೆಸ್ಟನ್ನು ಐರ್ಲೆಂಡ್ ಕೊನೆಗೆ 38ಕ್ಕೆ ಆಲೌಟಾಗಿ ಸೋತಿತು, ಅದನ್ನೂ ಹೇಳಬೇಕು. ಈಗ ಹೇಳಿ, ಇವರಲ್ಲಿ ಹೊರಗಿನವನು ಯಾರು?

ಈ ಪ್ರಶ್ನೆ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕಿನವರಿಗೆ ಹೊಸದಲ್ಲ. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಮದರಾಸಿನ ಚೆಪಾಕ್‌ನಲ್ಲಿ ನಡೆಯಿತು. ಮದ್ರಾಸ್ ವಿರುದ್ಧ ಮೈಸೂರು. ಮೈಸೂರು 48 ಮತ್ತು 59, ಮದ್ರಾಸ್ 130, ಎ.ಜಿ. ರಾಮ್‌ಸಿಂಗ್‌ಗೆ 11 ವಿಕೆಟ್. ಒಂದೇ ದಿನದಲ್ಲಿ ಪಂದ್ಯ ಮುಗಿದು ಮೈಸೂರಿಗೆ ಇನಿಂಗ್ಸ್ ಸೋಲು. ಅಂದು ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಅಂದರೆ ಕಾಗದದ ಮೇಲೆ ಕೂಡ್ಲಿಗಿಯವರು ಗೆದ್ದವರು, ಪಕ್ಕದ ಜಗಳೂರಿನವರು ಸೋತವರು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಎಲ್ಲರ ಮನೆಯಲ್ಲೂ ಅದೇ ಕನ್ನಡ, ಅದೇ ರೊಟ್ಟಿ. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, 1973ರಲ್ಲಿ ರಾಜ್ಯವೂ ರಣಜಿ ತಂಡವೂ ಕರ್ನಾಟಕ ಆದವು.

ಹರಪನಹಳ್ಳಿಯ ಪಾಡಂತೂ ಕೇಳಬೇಡಿ. 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಸವಲತ್ತು ಬಂದಾಗ ಆ ತಾಲ್ಲೂಕು ಗೆರೆಯ ಆಚೆ ಉಳಿದಿತ್ತು. ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿ ಪಾಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ. ಇಪ್ಪತ್ತೈದು ವರ್ಷದೊಳಗೆ ಮೂರು ಸಲ ವಿಳಾಸ ಬದಲು.

1934ರ ಆ ಸೋಲಿಗೆ ಎಂಬತ್ತು ವರ್ಷದ ಮೇಲೆ ಬಡ್ಡಿ ಸಮೇತ ಉತ್ತರ ಸಿಕ್ಕಿತು. 2015ರ ಮಾರ್ಚ್, ವಾಂಖೆಡೆಯಲ್ಲಿ ರಣಜಿ ಫೈನಲ್, ಎದುರಾಳಿ ತಮಿಳುನಾಡು. ವಿನಯ್ ಕುಮಾರ್ 34ಕ್ಕೆ 5 ಕಿತ್ತ, ಅವರು 134ಕ್ಕೆ ಮಕಾಡೆ. ಆಮೇಲೆ ಕರುಣ್ ನಾಯರ್ 328, ರಾಹುಲ್ 188, ವಿನಯ್‌ದೂ ಶತಕ, ಒಟ್ಟು 762. ಇನಿಂಗ್ಸ್ ಮತ್ತು 217 ರನ್ ಗೆಲುವು. ಅಜ್ಜ ಮದ್ರಾಸಿನ ಪ್ರಜೆ, ಮೊಮ್ಮಗ ಮೊಬೈಲಿನಲ್ಲಿ ಸ್ಕೋರು ನೋಡಿ ಕುಣಿದ. ಕುಣಿದದ್ದು ಯಾರ ಆಟಕ್ಕೆ? ಮಲೆಯಾಳಿ ಮನೆತನದ, ಜೋಧ್‌ಪುರದಲ್ಲಿ ಹುಟ್ಟಿದ ಕರುಣ್ ನಾಯರ್ ಆಟಕ್ಕೆ. ಅವನು ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ, ಅಲ್ಲಿ ರಣಜಿ ಗೆಲ್ಲಿಸಿ, ಮತ್ತೆ ನಮ್ಮಲ್ಲಿಗೇ ಬಂದ. ನಾವು ಒಬ್ಬರೂ ಬಾಗಿಲು ಹಾಕಲಿಲ್ಲ.

ತಮಿಳುನಾಡಿನ ಜೊತೆಗಿನ ಜಿದ್ದು ನನಗೆ ಇಷ್ಟ, ಅದು ಮೈದಾನದಲ್ಲಿ ಇರುವ ತನಕ. 2019ರಲ್ಲಿ ಮುಷ್ತಾಕ್ ಅಲಿ ಟಿ20 ಟ್ರೋಫಿಯ ಫೈನಲ್ ಒಂದು ರನ್ನಿನಿಂದ ನಮ್ಮದಾಯಿತು; 2021ರಲ್ಲಿ ಅದೇ ಫೈನಲಿನ ಕೊನೆಯ ಎಸೆತಕ್ಕೆ ಅವರ ಆಟಗಾರ ಶಾರುಖ್ ಖಾನ್ ಸಿಕ್ಸರ್ ಎತ್ತಿ ಲೆಕ್ಕ ಚುಕ್ತಾ ಮಾಡಿದ. ಇದಪ್ಪ ಜಿದ್ದು ಅಂದರೆ. 2018ರಲ್ಲಿ ಕಾವೇರಿ ಗಲಾಟೆಯಿಂದ ಚೆಪಾಕ್ ಮೈದಾನದೊಳಗೆ ಚಪ್ಪಲಿ ತೂರಿ ಬಂದು ಚೆನ್ನೈ ಐಪಿಎಲ್ ತಂಡದ ಪಂದ್ಯಗಳನ್ನು ಪುಣೆಗೆ ಸಾಗಿಸಿದರಲ್ಲ, ಅದು ಆಟಕ್ಕೆ ಸಂಬಂಧಿಸಿದ್ದಲ್ಲ. ಅಷ್ಟಕ್ಕೂ ಚೆನ್ನೈನ ದಿನೇಶ್ ಕಾರ್ತಿಕ್ ಆರ್‌ಸಿಬಿಯ ಕೆಂಪಂಗಿ ತೊಟ್ಟು ಕೊನೆಯ ಓವರುಗಳಲ್ಲಿ ಚಚ್ಚುವಾಗ ನಮ್ಮ ಹಗರಿಬೊಮ್ಮನಹಳ್ಳಿಯ ಹೋಟೆಲಿನಲ್ಲಿ ಯಾರೂ ಅವನ ಊರು ಕೇಳಲಿಲ್ಲ. 2025ರ ಜೂನ್ 3ರಂದು ಕಪ್ ಗೆದ್ದ ಆರ್‌ಸಿಬಿಯ ಹನ್ನೊಂದರಲ್ಲಿ ಕರ್ನಾಟಕದವನು ಮಯಾಂಕ್ ಅಗರವಾಲ್ ಒಬ್ಬನೇ. ಆದರೂ ಕಪ್ ನಮ್ಮದೇ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಇಲ್ಲೇ ನಮ್ಮ ಹೊಲಗಳಲ್ಲಿ. ಮೆಕ್ಕೆಜೋಳ, ಶೇಂಗಾ ಎತ್ತಿದ ಮೇಲೆ ಟೆನಿಸ್ ಬಾಲ್ ಟೂರ್ನಿಗಳ ಸುಗ್ಗಿ. ಪಾಂಪ್ಲೆಟ್ಟಿನಲ್ಲಿ ಬಹುಮಾನದ ಕೆಳಗೇ ದಪ್ಪ ಅಕ್ಷರದಲ್ಲಿ 'ಸ್ಥಳೀಯ ಆಟಗಾರರಿಗೆ ಮಾತ್ರ, ಆಧಾರ್ ಕಾರ್ಡ್ ಕಡ್ಡಾಯ'. ದುಡ್ಡು ಕೊಟ್ಟು ದೂರದಿಂದ ತಂಡಕ್ಕೆ ತಂಡವನ್ನೇ ಇಳಿಸುವ ಚಾಳಿ ತಡೆಯಲು ಬಂದ ನಿಯಮ, ಉದ್ದೇಶ ಸರಿಯಾಗಿಯೇ ಇದೆ. ಆದರೆ ಜಿಲ್ಲಾ ಮಟ್ಟದ್ದೊಂದು ಟೂರ್ನಿಯಲ್ಲಿ ಟೇಬಲ್ಲಿನ ಹಿಂದೆ ಕುಳಿತವರು ಹರಪನಹಳ್ಳಿ ಕಡೆಯ ಎಡಗೈ ಬೌಲರನ ಕಾರ್ಡು ತಿರುವಿ ನೋಡಿ, 'ಇದ್ರಾಗ ದಾವಣಗೆರೆ ಜಿಲ್ಲೆ ಅಂತ ಐತಲ್ಲೋ ತಮ್ಮಾ' ಎಂದು ಪಕ್ಕಕ್ಕೆ ನಿಲ್ಲಿಸಿದ್ದನ್ನು ಕಂಡೆ. ಹುಡುಗ, 'ಜಿಲ್ಲೆ ಬದ್ಲಾತಣ್ಣ, ನಮ್ಮ ಮನಿ ಎಲ್ಲಿತ್ತೋ ಅಲ್ಲೇ ಐತಿ' ಎಂದ. ನಡೆಯಲಿಲ್ಲ. ಅವನ ತಂಡ ಹತ್ತು ಜನರಲ್ಲಿ ಆಡಿ ಸೋತಿತು. ಎದುರು ತಂಡದವರಲ್ಲಿ ಎಂಟು ಮಂದಿಯ ಬೆನ್ನ ಮೇಲೆ ಇದ್ದದ್ದು ದೆಹಲಿಯ ಕೊಹ್ಲಿಯ 18.

2011ರಲ್ಲಿ ಐರ್ಲೆಂಡ್ ಬೆಂಗಳೂರಿನಲ್ಲಿ ಗೆದ್ದ ಒಂದು ತಿಂಗಳಿಗೆ ಐಸಿಸಿ ಮುಂದಿನ ವಿಶ್ವಕಪ್ ಹತ್ತು ಪೂರ್ಣ ಸದಸ್ಯರಿಗೆ ಮಾತ್ರ ಎಂದು ಐರ್ಲೆಂಡಿಗೆ ಬಾಗಿಲು ಹಾಕಿತ್ತು. ಕೂಗೆದ್ದ ಮೇಲೆ ಜೂನ್‌ನಲ್ಲಿ ತಾನೇ ತೆರೆಯಿತು. ದೊಡ್ಡವರೇ ತಿದ್ದಿಕೊಂಡಿದ್ದಾರೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಟೂರ್ನಿ ಸಂಘಟಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ: ತಂಡಕ್ಕೆ ಇಬ್ಬರು ಹೊರಗಿನವರಿಗೆ ಅವಕಾಶ ಎಂದು ಅಚ್ಚು ಹಾಕಿಸಿ. ಕಾರ್ಡು ನೋಡುವುದಾದರೆ ತಾಲ್ಲೂಕಿನ ಹೆಸರು ನೋಡಿ, ಜಿಲ್ಲೆಯದು ಬಿಡಿ.