ಗೆರೆ ಬರೆದವರು ಯಾರು?

ಕಾಮಿಕ್ಸು ಅಂದರೆ ನಮ್ಮ ವಿಮರ್ಶಕರಿಗೆ ಮೈಲಿಗೆ. ನನ್ನ ತರಗತಿಯ ಹುಡುಗರು ಮಾತ್ರ ನಾನು ಪಾಠ ಮಾಡುವ ಕಾವ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಜಪಾನಿನ ಮಾಂಗಾ ಓದುತ್ತಾರೆ. ಅವರಿಂದ ಪಡೆದು ಓದಿದ್ದು ಹಾಜಿಮೆ ಕೊಮೊಟೊ ಅವರ 'ಮ್ಯಾಶಲ್'. 2020ರಿಂದ 2023ರವರೆಗೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಬಂದು 18 ಸಂಪುಟಗಳಾದ ಕೃತಿ. ಹ್ಯಾರಿ ಪಾಟರ್‌ನ ಗೇಲಿ ಅಂತ ನಕ್ಕುಬಿಡಬಹುದು. ನಗಿಸುವುದೂ ನಿಜ. ಆದರೆ ಆ ನಗೆಯ ಕೆಳಗೊಂದು ಕ್ರೂರ ಕಾನೂನಿದೆ.

ಆ ಲೋಕದಲ್ಲಿ ಮಂತ್ರಶಕ್ತಿ ಇದ್ದವರ ಮುಖದ ಮೇಲೆ ಗೆರೆ ಇರುತ್ತದೆ. ಗೆರೆ ಹೆಚ್ಚಿದ್ದವರಿಗೆ ಶಕ್ತಿ ಹೆಚ್ಚು, ಮಾನ ಹೆಚ್ಚು. ಶಕ್ತಿಯಿಲ್ಲದವರನ್ನು, ರಕ್ತ ಕೆಡಬಾರದೆಂದು, ಕೊಂದುಬಿಡುತ್ತಾರೆ. ನಾವು ಹಣೆಬರಹ ಅನ್ನುವುದು ಅಲ್ಲಿ ಸರ್ಕಾರದ ದಾಖಲೆ. ಗೆರೆಯಿಲ್ಲದ ಮ್ಯಾಶ್‌ನನ್ನು ಸಾಕುತಂದೆ ಕಾಡಿನಲ್ಲಿ ಬಚ್ಚಿಟ್ಟು ಬೆಳೆಸಿದ್ದಾನೆ. ಸಿಕ್ಕಿಬಿದ್ದಾಗ ಪೊಲೀಸಿನವನೊಬ್ಬ ಕರಾರು ಹಾಕುತ್ತಾನೆ: ಮಂತ್ರಶಾಲೆ ಸೇರಿ ಎಲ್ಲರನ್ನೂ ಮೀರಿಸಿ ಅತ್ಯುನ್ನತ ಪದವಿ ಪಡೆ, ಆಗ ಬದುಕಿಕೊಳ್ಳಬಹುದು. ಹುಡುಗ ಮುಖಕ್ಕೆ ಸುಳ್ಳು ಗೆರೆ ಬರೆದುಕೊಂಡು ಹೋಗುತ್ತಾನೆ. ಉಳಿದವರು ಮಂತ್ರದಂಡದಿಂದ ಮಾಡುವುದನ್ನು ತೋಳಿನಿಂದ ಮಾಡುತ್ತಾನೆ.

ಈ ಸುಳ್ಳು ಗೆರೆ ಜಪಾನಿಗೆ ಹೊಸದಲ್ಲ. ಚರ್ಮ ಹದ ಮಾಡುವ, ಸತ್ತ ದನ ಎತ್ತುವ ಜನರನ್ನು ಮುಟ್ಟದೆ ದೂರ ಇಟ್ಟ ಚರಿತ್ರೆ ಅಲ್ಲೂ ಇದೆ. ಅವರನ್ನು ಬುರಾಕು ಜನ ಅನ್ನುತ್ತಾರೆ. 1871ರಲ್ಲಿ ಸರ್ಕಾರ ಈ ಭೇದವನ್ನು ಕಾಗದದ ಮೇಲೆ ರದ್ದು ಮಾಡಿತು. 1906ರಲ್ಲಿ ಬಂದ ಶಿಮಾಜಾಕಿ ತೋಸೊನ್ ಅವರ 'ಹಾಕಾಯ್' ಕಾದಂಬರಿಯ ನಾಯಕ ಒಬ್ಬ ಮೇಷ್ಟ್ರು. ಹುಟ್ಟಿನ ಗುಟ್ಟು ಬಿಡಬೇಡ ಅಂತ ಅಪ್ಪ ಕಟ್ಟಪ್ಪಣೆ ಮಾಡಿದ್ದಾನೆ. ಕೊನೆಗೆ ಅವನು ಮಕ್ಕಳೆದುರು ಗುಟ್ಟು ಹೇಳಿ ಕ್ಷಮೆ ಕೇಳುತ್ತಾನೆ. ತಪ್ಪು ಯಾರದು, ಕ್ಷಮೆ ಯಾರದು! 1922ರಲ್ಲಿ ಸುಯ್‌ಹೆಯ್‌ಷಾ ಸಂಘಟನೆ ಕಟ್ಟಿದ ಬುರಾಕು ಜನ ಕ್ಷಮೆ ಕೇಳಲಿಲ್ಲ, ಹಕ್ಕು ಕೇಳಿದರು. ಆದರೂ 1975ರಲ್ಲಿ ಗೊತ್ತಾದದ್ದೇನು? ಬುರಾಕು ಕೇರಿಗಳ ಹೆಸರಿನ ಪಟ್ಟಿಯನ್ನು ಕಂಪನಿಗಳು ಗುಟ್ಟಾಗಿ ಕೊಂಡು, ಕೆಲಸ ಕೇಳಿ ಬಂದವರನ್ನು ಜರಡಿ ಹಿಡಿಯುತ್ತಿದ್ದವು. ಮುಖದ ಮೇಲೆ ಗೆರೆ ಕಾಣದಿದ್ದರೆ ಊರಿನ ಹೆಸರಲ್ಲಿ ಹುಡುಕುವುದು.

ಕೊಮೊಟೊ ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಬರೆದರು ಅಂತ ನನ್ನ ವಾದವಲ್ಲ. ಬಚ್ಚಿಟ್ಟುಕೊಂಡು ಓದುವವನ ಭಯ ಮಾತ್ರ ನಮ್ಮ ಹಾಸ್ಟೆಲ್ ಹುಡುಗರಿಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ. ಗುರುವಿಲ್ಲದೆ ಕಲಿತ ಏಕಲವ್ಯ ಬೆರಳು ಕೊಟ್ಟ. ಮ್ಯಾಶ್ ಕೊಡುವುದಿಲ್ಲ. ಅವರ ಸಂತೋಷ ಇರುವುದು ಅಲ್ಲಿ.

ನನ್ನ ತಕರಾರು ಕರಾರಿನ ಬಗ್ಗೆ. ಮ್ಯಾಶ್‌ನ ಗೆಳೆಯ ಲ್ಯಾನ್ಸ್‌ನ ತಂಗಿಗೆ ಮಂತ್ರಶಕ್ತಿ ಇಂಗಿಹೋಗುವ ಕಾಯಿಲೆ. ಗೊತ್ತಾದರೆ ಅವಳಿಗೂ ಸಾವೇ. ಅವಳನ್ನು ಉಳಿಸಲು ಅವನೂ ಅದೇ ಪದವಿಯ ಹಿಂದೆ ಓಡುತ್ತಿದ್ದಾನೆ. ಒಂದೇ ಭಯದ ಇಬ್ಬರು ಒಂದೇ ಕುರ್ಚಿಗೆ ಪೈಪೋಟಿ ಮಾಡುವಂತೆ ನೋಡಿಕೊಂಡರೆ ವ್ಯವಸ್ಥೆಗೆ ಬೇರೆ ಕಾವಲು ಬೇಕೆ? ಇದಕ್ಕೇ ಮೆರಿಟ್ ಅಂತ ಹೆಸರು. ಮಂತ್ರ ಅವರಿಗೆ, ಮೈಕಸುವು ನಮಗೆ ಅನ್ನುವ ಹಳೆಯ ಹಂಚಿಕೆಯೂ ಇಲ್ಲಿ ಅಲುಗುವುದಿಲ್ಲ.

ಇನ್ನೂ ದೊಡ್ಡ ಮೋಸ ಆಮೇಲೆ ಬರುತ್ತದೆ. ಮ್ಯಾಶ್ ಮಹಾಮಾಂತ್ರಿಕನಾದ ಖಳನಾಯಕನ ಮಗನೇ ಅಂತ ತಿಳಿಯುತ್ತದೆ. ಸೂತಪುತ್ರ ಅಂತ ಪ್ರೀತಿಸಿದ ಕರ್ಣ ಸೂರ್ಯನ ಮಗನಾಗಿಬಿಟ್ಟ ಹಾಗೆ. ಗೆಲ್ಲುವವನಿಗೆ ದೊಡ್ಡ ಹುಟ್ಟು ಇರಲೇಬೇಕೆ?

ತೋಳಲ್ಲಿ ಬಲವಿಲ್ಲದ, ಪರೀಕ್ಷೆಯಲ್ಲಿ ಫೇಲಾದ, ಯಾವ ದೊಡ್ಡಪ್ಪನ ಮಗನೂ ಅಲ್ಲದ ಗೆರೆಯಿಲ್ಲದ ಹುಡುಗಿಯೊಬ್ಬಳು ಆ ಲೋಕದಲ್ಲಿ ಇದ್ದೇ ಇರುತ್ತಾಳೆ. ಅವಳು ಬದುಕಲು ಯಾವ ಪದವಿ ಪಡೆಯಬೇಕು? ಮಾಂಗಾ ಓದುವ ನನ್ನ ಹುಡುಗರಿಗೆ ನಾನು ಕೇಳುತ್ತಿರುವ ಪ್ರಶ್ನೆ ಇದು. ನಮ್ಮ ಚಳವಳಿ ಕೇಳಿಕೊಳ್ಳಬೇಕಾದ್ದೂ ಇದೇ.