ಊರು ಒಪ್ಪಿದ ಡಾಕ್ಟರಮ್ಮ

'ಡಾ. ಕ್ವಿನ್, ಮೆಡಿಸಿನ್ ವುಮನ್' (1993–98) ಎಂಬ ಅಮೆರಿಕನ್ ಧಾರಾವಾಹಿ ಒಂದು ತಮಾಷೆಯಿಂದ ಶುರುವಾಗುತ್ತದೆ. ಬಾಸ್ಟನ್ನಿನ ಮೈಕೇಲಾ ಕ್ವಿನ್ ಹೆಸರು ತಂತಿಯಲ್ಲಿ 'ಮೈಕೇಲ್ ಎ. ಕ್ವಿನ್' ಎಂದಾಗಿ, ಗಡಿನಾಡಿನ ಕೊಲರಾಡೊ ಸ್ಪ್ರಿಂಗ್ಸ್ ಗಂಡು ಡಾಕ್ಟರಿಗಾಗಿ ಕಾದು ಕೂತಿರುತ್ತದೆ. ತಮಾಷೆ ಅಂದೆ, ಆದರೆ ಆ ತಪ್ಪಾಗದಿದ್ದರೆ ಅವಳನ್ನು ಊರಿಗೆ ಕರೆಯುತ್ತಲೇ ಇರಲಿಲ್ಲ.

ಮುಂದೆ ಊರು ಅವಳನ್ನು ಒಪ್ಪಿದ್ದು ವೈದ್ಯವಿದ್ಯೆಯೊಂದರಿಂದಲೇ ಅಲ್ಲ. ಹಾವು ಕಚ್ಚಿ ಸತ್ತ ಶಾರ್ಲೆಟ್ ಕೂಪರಳ ಮೂರು ಮಕ್ಕಳಿಗೆ ಅವಳು ತಾಯಿಯಾಗಬೇಕಾಯಿತು. ನಿಜಕ್ಕೂ ಮೈಕೇಲನೇ ಬಂದಿದ್ದರೆ ಆ ಮಕ್ಕಳನ್ನು ಅವನ ಮಡಿಲಿಗೆ ಹಾಕುತ್ತಿದ್ದರೇ? ಕತೆ ಕಟ್ಟಿದ ಬೆತ್ ಸಲಿವನ್ ಇದನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಸಲ್ಲಿಯ ಜೊತೆಗಿನ ಪ್ರೇಮ ಸೊಗಸಾಗಿದೆ, ಕೊಂಚ ಸಲೀಸಾಗಿಯೂ ಇದೆ. ಊರು ಮುಖ ತಿರುಗಿಸಿದಾಗ ಇರಲು ಮನೆ ಕೊಡುವವನನ್ನು ಯಾರು ತಾನೇ ಪ್ರೀತಿಸುವುದಿಲ್ಲ! (ಆದರೂ ಮದುವೆಗೆ ಮೂರು ಸೀಸನ್ ಹಿಡಿಯಿತು.)

ಗಡಿಕಥನಗಳ ಸಂಶೋಧನೆಯಲ್ಲಿರುವ ನನ್ನನ್ನು ಕಾಡುವುದು ಬೇರೆಯೇ. ಅವಳು ಒಪ್ಪಿಗೆ ಬೇಡುವ ಊರಿನವರೇ ಶಯೆನ್ ಜನರ ನೆಲಕ್ಕೆ ಹೇಳದೆ ಕೇಳದೆ ಬಂದು ಕೂತವರು. ಅವರನ್ನು ಯಾರು ಒಪ್ಪಿದ್ದರು? 1868ರಲ್ಲಿ ಕಸ್ಟರನ ಸೈನ್ಯ ವಾಶಿಟಾ ನದಿಯ ದಂಡೆಯಲ್ಲಿ ನಡೆಸಿದ ಶಯೆನ್ನರ ಹತ್ಯೆಯನ್ನು ಧಾರಾವಾಹಿ ಮುಚ್ಚಿಡುವುದಿಲ್ಲ, ಅದು ಅದರ ದೊಡ್ಡತನ. ಅಲ್ಲಿ ಡಾಕ್ಟರಮ್ಮನ ಕೈಲೂ ಮಾಡಲು ಹೆಚ್ಚೇನೂ ಉಳಿದಿಲ್ಲ. ಆದರೆ ಅದೇ ಸೀಸನ್ನಿನ ಕೊನೆಗೆ ಊರೆಲ್ಲ ಅವಳ ಮದುವೆಗೆ ನೆರೆಯುತ್ತದೆ. ಆ ಎರಡನ್ನೂ ಒಂದೇ ಸಂಜೆ ಕೂತು ನೋಡಿ. ಮದುವೆಯ ಸಂಭ್ರಮ ನನ್ನ ಗಂಟಲಲ್ಲಿ ಇಳಿಯಲಿಲ್ಲ.