ಫಂಕ್ಷನ್ ನೆತ್ತಿಯ ಮೇಲಿನ @: ಡೆಕೊರೇಟರ್ ಸವಿಯುವವರಿಗೆ

ಪೈಥಾನ್ ಕಲಿಯುವವರಿಗೆ ಲೂಪು, ಲಿಸ್ಟು, ಫಂಕ್ಷನ್ ದಾಟಿದ ಮೇಲೆ @ ಗುರುತಿನಿಂದ ಶುರುವಾಗುವ ಒಂದು ಸಾಲು ಎದುರಾಗುತ್ತದೆ. ಅದೇ ಡೆಕೊರೇಟರ್. ಅದನ್ನು ಕಂಡಾಗ ಮೊದಲು ಕೇಳಿಕೊಳ್ಳಿ: ಕೆಳಗಿರುವ ಫಂಕ್ಷನ್‌ಗೆ ಇದರ ಸುದ್ದಿಯೇನಾದರೂ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಡೆಕೊರೇಟರ್ ಚೆನ್ನಾಗಿದೆ ಎಂದೇ ಲೆಕ್ಕ.

ಭೇರ್ಯ, ಕೆ.ಆರ್. ನಗರ ಸೀಮೆಯವರಿಗೆ ಇದು ಬೇಗ ತಿಳಿಯುತ್ತದೆ. ರೈಸ್ ಮಿಲ್ಲಿಗೆ ಬಂದ ಲಾರಿ ಲೋಡಿನ ಸಮೇತ ಒಮ್ಮೆ ವೇಬ್ರಿಡ್ಜ್ ಹತ್ತುತ್ತದೆ, ಭತ್ತ ಇಳಿಸಿದ ಮೇಲೆ ಖಾಲಿಯಾಗಿ ಇನ್ನೊಮ್ಮೆ ಹತ್ತುತ್ತದೆ. ಮೂಟೆ ಇಳಿಸುವ ಹಮಾಲರು ತೂಕದ ಗೊಡವೆಗೆ ಹೋಗುವುದಿಲ್ಲ. ಸಮಯ ಅಳೆಯುವ ಡೆಕೊರೇಟರ್ ಮಾಡುವುದೂ ಅಷ್ಟೇ: ವೇಳೆ ಗುರುತಿಸಿಕೊಂಡು, ಫಂಕ್ಷನ್ ಓಡಿಸಿ, ಮತ್ತೆ ವೇಳೆ ನೋಡುವುದು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದಾದ್ದರಿಂದ ಅದನ್ನು @ಗಡಿಯಾರ ಎನ್ನೋಣ. ಗಡಿಯಾರವೂ ಒಂದು ಫಂಕ್ಷನ್ನೇ. ಅದು ಹಳೆಯ ಫಂಕ್ಷನ್ನನ್ನು ಒಳಗಿಟ್ಟುಕೊಂಡ ಹೊಸದೊಂದನ್ನು, ಅಂದರೆ ಹೊದಿಕೆಯನ್ನು, ಕಟ್ಟಿಕೊಡುತ್ತದೆ. ಹಳೆಯ ಹೆಸರು ಇನ್ನು ಮುಂದೆ ಹೊಸದಕ್ಕೆ ಸೇರುತ್ತದೆ.

2004ರ ನವೆಂಬರಿನಲ್ಲಿ ಬಂದ ಪೈಥಾನ್ 2.4ಕ್ಕೆ ಮೊದಲು ಹೀಗೆ ಹೊದಿಸುವ ಸಾಲನ್ನು ಫಂಕ್ಷನ್ ಮುಗಿದ ಮೇಲೆ ಕೆಳಗೆ ಬರೆಯಬೇಕಿತ್ತು. ಐವತ್ತು ಸಾಲು ಓದಿದ ಮೇಲಷ್ಟೇ ಅದರ ಸ್ವರೂಪ ಬದಲಾಗಿದೆಯೆಂದು ಓದುಗನಿಗೆ ತಿಳಿಯುತ್ತಿತ್ತು. @ ಆ ಮಾತನ್ನು ಮೇಲಕ್ಕೆ ತಂದಿತು.

ಹಳೆಯ ಹೆಸರು ಹೊದಿಕೆಗೆ ಸೇರುತ್ತದೆ ಎಂದೆನಲ್ಲ, ಆ ಹಸ್ತಾಂತರದಲ್ಲೇ ಡೆಕೊರೇಟರಿನ ನಿಜವಾದ ಸೊಗಸಿದೆ. ನಮ್ಮ ಛಂದಸ್ಸಿನಿಂದಲೇ ಒಂದು ಲೆಕ್ಕ ತೆಗೆದುಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು 5 ಬಗೆಯಲ್ಲಿ ಕಟ್ಟಬಹುದು, ಐದು ಮಾತ್ರೆಯದನ್ನು 8 ಬಗೆಯಲ್ಲಿ. ಗಣ ಲಘುವಿನಲ್ಲಿ ಮುಗಿದರೆ ಉಳಿಯುವುದು ಒಂದು ಮಾತ್ರೆ ಕಡಿಮೆಯ ಲೆಕ್ಕ, ಗುರುವಿನಲ್ಲಿ ಮುಗಿದರೆ ಎರಡು ಮಾತ್ರೆ ಕಡಿಮೆಯದು. ಎರಡನ್ನೂ ಕೂಡಿದರೆ ಉತ್ತರ. ಸೊನ್ನೆಗೂ ಒಂದಕ್ಕೂ ಉತ್ತರ 1. ತನ್ನನ್ನೇ ಎರಡು ಸಲ ಕರೆದುಕೊಳ್ಳುವ ಪುಟ್ಟ ಫಂಕ್ಷನ್ ಇದಕ್ಕೆ ಸಾಕು. ಆದರೆ 30 ಮಾತ್ರೆ ಕೊಟ್ಟು ನೋಡಿ: ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಾ ಅದು ಒಟ್ಟು 26,92,537 ಸಲ ಓಡುತ್ತದೆ.

ಈಗ ಅದರ ನೆತ್ತಿಯ ಮೇಲೆ ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್‌ನ @ಕ್ಯಾಶ್ ಇಡಿ. ಒಮ್ಮೆ ಬಂದ ಉತ್ತರವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಒಳಗಿನ ಲೆಕ್ಕ ನಡೆಯುವುದು 31 ಸಲ ಮಾತ್ರ. ಫಂಕ್ಷನ್ನಿನ ಒಂದಕ್ಷರವೂ ಬದಲಾಗಿಲ್ಲ. ಒಳಗಿನ ಕರೆಗಳು ಹೆಸರನ್ನು ಹಿಡಿದೇ ಹೋಗುತ್ತವೆ, ಆ ಹೆಸರೀಗ ಹೊದಿಕೆಯದು. ಹಾಗಾಗಿ ಪ್ರತಿ ಕರೆಯೂ ನೆನಪಿನ ಮೂಲಕವೇ ಹಾದುಹೋಗುತ್ತದೆ. ಹೊದಿಸಿದ್ದಕ್ಕೆ ಬೇರೆ ಹೆಸರು ಕೊಟ್ಟಿದ್ದರೆ ಒಳಗಿನ ಕರೆಗಳು ಹಳೆಯದಕ್ಕೇ ಹೋಗಿ ಈ ಲಾಭ ತಪ್ಪುತ್ತಿತ್ತು. ಇದು ಅರ್ಥವಾದ ದಿನ ಡೆಕೊರೇಟರ್ ನಿಮಗೆ ಒಲಿಯಿತೆಂದೇ ತಿಳಿಯಿರಿ.

ಬೇರೆಯವರ ಡೆಕೊರೇಟರ್ ಓದುವಾಗ ಒಳಗಿನ ಉತ್ತರವನ್ನು ಹೊದಿಕೆ ಮರಳಿ ಕೊಡುತ್ತಿದೆಯೇ ನೋಡಿ. ಆ ರಿಟರ್ನ್ ಮರೆತರೆ ಕೈಗೆ ಸಿಗುವುದು ‘ನನ್’ (None) ಮಾತ್ರ. ಫಂಕ್‌ಟೂಲ್ಸ್‌ನದೇ @ರ‍್ಯಾಪ್ಸ್ ಬಳಸಿದ್ದಾರೆಯೇ ಎಂಬುದನ್ನೂ ಗಮನಿಸಿ. ಅದಿಲ್ಲದಿದ್ದರೆ ಹೆಲ್ಪ್ ಕೇಳಿದಾಗ ಮೂಲ ಫಂಕ್ಷನ್ನಿನ ಹೆಸರು, ವಿವರಣೆ ಕಾಣುವುದಿಲ್ಲ. ಎರಡು ಡೆಕೊರೇಟರ್ ಒಂದರ ಮೇಲೊಂದಿದ್ದರೆ ಕೆಳಗಿನದು ಮೊದಲು ಹೊದಿಸುತ್ತದೆ, ಕರೆದಾಗ ಮೇಲಿನದು ಮೊದಲು ಏಳುತ್ತದೆ. @ಕ್ಯಾಶ್ ಕೆಳಗೆ @ಗಡಿಯಾರ ಇಟ್ಟರೆ ನಿಜವಾಗಿ ಲೆಕ್ಕ ನಡೆದಾಗ ಮಾತ್ರ ಸಮಯ ದಾಖಲಾಗುತ್ತದೆ. ಮೇಲಿಟ್ಟರೆ ನೆನಪಿನಿಂದ ಬಂದ ಉತ್ತರಕ್ಕೂ ದಾಖಲಾಗುತ್ತದೆ.

ಫಂಕ್ಷನ್ನಿನ ಮುಖ್ಯ ಕೆಲಸವನ್ನೇ ಬದಲಿಸುವ ಡೆಕೊರೇಟರ್ ಎಷ್ಟೇ ಜಾಣತನದ್ದಾದರೂ ನಾನು ಮೆಚ್ಚಲಾರೆ. ಓದುವವನಿಗೆ ಅದು ಮೋಸ. ಒಳ್ಳೆಯದು ಹೇಗಿರುತ್ತದೆಂದು ನೋಡಬೇಕಾದರೆ ಅದೇ ಫಂಕ್‌ಟೂಲ್ಸ್‌ನ ಮೂಲ ಕೋಡ್ ತೆರೆಯಿರಿ. ಅದು ಯಾರು ಬೇಕಾದರೂ ಓದಬಹುದಾದದ್ದು. ರ‍್ಯಾಪ್ಸ್‌ನಿಂದ ಶುರುಮಾಡಿ.